ರೈಟರ್ ಕುಶಾಲಪ್ಪ ಹಾಕದ ಸೊನ್ನೆ

ಹೋದ ವಾರ ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಚೀಲ ಇಳಿಸಿದೆ. ಜಿಪ್ ಎಳೆದದ್ದೇ ತಡ, ಬೂಷ್ಟಿನ ವಾಸನೆ ಮೂಗಿಗೆ ಹೊಡೆಯಿತು. ಕೊಡಗಿನಲ್ಲಿ ಮಳೆಗಾಲ ಕಳೆದವರಿಗೆ ಈ ವಾಸನೆ ಹೊಸದಲ್ಲ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಆದರೆ ಈ ಚೀಲದ ವಾಸನೆ ನನ್ನನ್ನು ಸೀದಾ ಮೂರು ವರ್ಷ ಹಿಂದಿನ ಕಕ್ಕಡ ತಿಂಗಳಿಗೆ, ಕೊಡಗಿನಲ್ಲಿ ಮಳೆ ಜೋರಾಗುವ ಆಷಾಢಕ್ಕೆ, ಎಳೆದುಕೊಂಡು ಹೋಯಿತು. ಆವತ್ತಿನಷ್ಟೇ ಸಿಟ್ಟು ಬಂತು. ದಿನ ಕಳೆದ ಹಾಗೆ ಸಿಟ್ಟು ಆರುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ನನ್ನದು ಆರಿಲ್ಲ, ಆರಬೇಕು ಅಂತ ನನಗೆ ಅನಿಸಿಯೂ ಇಲ್ಲ.

ನಾನು ಗೋಣಿಕೊಪ್ಪಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ಪೊನ್ನಂಪೇಟೆಯಲ್ಲಿ ಬಾಡಿಗೆ ಮನೆ. ಹುಟ್ಟಿದ್ದು ಕುಶಾಲನಗರದ ಪಕ್ಕ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಹೊಲ ಮಾಡಿಕೊಂಡವರು. ನಮ್ಮ ಕಡೆ ಮಳೆ ಬಂತಾ ಅಂದರೆ ಬಂತು ಅನ್ನುತ್ತಾರೆ, ಇಲ್ಲ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ದಕ್ಷಿಣ ಕೊಡಗಿಗೆ ಬಂದ ಮೇಲೆ ನನಗೆ ಮೊದಲು ವಿಚಿತ್ರವೆನಿಸಿದ್ದು ಇಲ್ಲಿನವರ ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟು. ಬಸ್ಸಿನಲ್ಲಿ, ಮೆಡಿಕಲ್ ಶಾಪಿನಲ್ಲಿ, ಸಾವಿನ ಮನೆಯ ಅಂಗಳದಲ್ಲೂ ಅದೇ ಪ್ರಶ್ನೆ. "ನಿಮ್ಮಲ್ಲಿ ಎಷ್ಟು?" "ಎರಡು ಇಂಚು ನಲವತ್ತು ಸೆಂಟು. ನಿಮ್ಮಲ್ಲಿ?" ಎಸ್ಟೇಟು ಎಷ್ಟೇ ಚಿಕ್ಕದಿರಲಿ, ಅಂಗಳದಲ್ಲೊಂದು ಮಳೆ ಅಳೆಯುವ ಪಾತ್ರೆ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಜ್ಜನ ಕಾಲದ ಮಳೆ ಪುಸ್ತಕ ಇಟ್ಟುಕೊಂಡಿರುವ ಮನೆಗಳನ್ನು ನಾನೇ ನೋಡಿದ್ದೇನೆ.

ಕುಶಾಲಪ್ಪ ಅಂಥ ಒಂದು ಎಸ್ಟೇಟಿನ ರೈಟರ್. ರೈಟರ್ ಎಂದರೆ ಇಲ್ಲಿ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಗೊಬ್ಬರ, ಕಾಫಿ ಹಣ್ಣಿನ ಪಿಕಿಂಗ್, ಮಳೆ, ಎಲ್ಲವನ್ನೂ ಬರೆದಿಡುವವರು. ಸಂಪಾಜೆ ಕಡೆಯವರು, ಮನೆಮಾತು ಅರೆಭಾಷೆ. ಐವತ್ತು ದಾಟಿದ ಸಣಕಲು ಮನುಷ್ಯ, ಮೊಣಕಾಲ ತನಕ ಗಮ್ ಬೂಟು, ಅಂಗಿ ಜೇಬಿನಲ್ಲಿ ಎರಡು ಪೆನ್ನು. ಇಪ್ಪತ್ತೊಂಬತ್ತು ವರ್ಷ ಒಂದೇ ಎಸ್ಟೇಟಿನಲ್ಲಿ ಮಳೆ ಅಳೆದಿದ್ದರು. ಎಸ್ಟೇಟು ಕೊಟ್ಟ ಕ್ವಾರ್ಟರ್ಸಿನಲ್ಲೇ ಸಂಸಾರ. ಕೆಲಸ ಹೋದರೆ ಮನೆಯೂ ಹೋದ ಹಾಗೆ.

ಇನ್ನು ನನ್ನ ಕಡೆಯ ಕಥೆ. ಬಳ್ಳಿ ಎನ್ನುವುದು ಒಂದು ಪ್ರೋಗ್ರಾಮಿಂಗ್ ಭಾಷೆ. ಕಂಪ್ಯೂಟರಿಗೆ ಹೇಳಬೇಕಾದ್ದನ್ನು ಕನ್ನಡದ ಪದಗಳಲ್ಲೇ ಬರೆಯುವಂತೆ, ಮೈಸೂರಿನ ನಂದಕುಮಾರ್ ಶಾಲೆಯ ಮಕ್ಕಳಿಗಾಗಿ ಶುರು ಮಾಡಿದ್ದು. ಅದನ್ನು ಬೆಳೆಸುತ್ತಿದ್ದವರು ನಾವು ಐದು ಜನ, ಐದು ಊರಿನಲ್ಲಿ, ಸಂಬಳವಿಲ್ಲದೆ, ಹುಚ್ಚಿನಿಂದ. ಬಳ್ಳಿಗೆ ಒಂದು ಕೊರತೆಯಿತ್ತು. ಇಂಟರ್ನೆಟ್ಟಿನಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಮಾಹಿತಿ ಕಳಿಸಿ ಅಲ್ಲಿಂದ ಉತ್ತರ ತರಿಸಿಕೊಳ್ಳುವ ಏರ್ಪಾಟಿಗೆ ವೆಬ್ ಸರ್ವಿಸ್ ಎನ್ನುತ್ತೇವೆ. ಬಳ್ಳಿಯಲ್ಲಿ ಅದನ್ನು ಮಾಡಬೇಕಾದರೆ ಬೇರೆ ಭಾಷೆಯ ತುಂಡೊಂದನ್ನು ತಂದು ಹೊರಗಿನಿಂದ ಕಟ್ಟಬೇಕಿತ್ತು. ಕಟ್ಟಿದ್ದು ವಾರಕ್ಕೊಮ್ಮೆ ಬಿಚ್ಚಿಕೊಳ್ಳುತ್ತಿತ್ತು. ಆ ಮಳೆಗಾಲ ಶುರುವಾಗುವಾಗ, ಇದನ್ನು ಭಾಷೆಯ ಒಳಗೇ ಸೇರಿಸಿಬಿಡೋಣ ಎಂದು ತೀರ್ಮಾನಿಸಿದೆವು. 'ಕಳಿಸು', 'ತರಿಸು' ಎಂಬ ಎರಡು ಪದ ಕಲಿತರೆ ಏಳನೇ ಕ್ಲಾಸಿನ ಹುಡುಗಿಯೂ ಹೊರಗಿನ ಕಂಪ್ಯೂಟರಿನ ಜೊತೆ ಮಾತಾಡಬೇಕು. 'ಕಳಿಸು' ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಪ್ರಯೋಗಕ್ಕೆ ಮಳೆಯನ್ನೇ ಆರಿಸಿಕೊಂಡೆ. ಸುತ್ತಲಿನ ಎಸ್ಟೇಟಿನವರು ಸೇರಿ ಮಳೆಗಾಲಕ್ಕೆಂದು ಒಂದು ಸಮಿತಿ ಮಾಡಿಕೊಂಡಿದ್ದರು. ಜೋರು ಮಳೆ ಬಿದ್ದ ದಿನ, ಬರೆಯ, ಅಂದರೆ ಕಡಿದ ಗುಡ್ಡದ, ಬುಡದಲ್ಲಿರುವ ಲೈನ್ ಮನೆಗಳ ಕೆಲಸಗಾರರನ್ನು ಜೀಪಿನಲ್ಲಿ ಶಾಲೆಗೆ ಸಾಗಿಸುವುದು ಅದರ ಕೆಲಸ. ಎಲ್ಲೆಲ್ಲಿ ಎಷ್ಟು ಮಳೆ ಎಂದು ದಿನಾ ಫೋನ್ ಮಾಡಿ ಕೇಳುವ ಬದಲು, ರೈಟರುಗಳೇ ಬೆಳಿಗ್ಗೆ ಮೊಬೈಲಿನಲ್ಲಿ ಅಳತೆ ತುಂಬಿದರೆ ಒಂದು ನಕ್ಷೆಯಲ್ಲಿ ಕಾಣುವ ಹಾಗೆ ಮಾಡಿಕೊಟ್ಟೆವು. ಎಲ್ಲ ಬಳ್ಳಿಯಲ್ಲೇ. ರೈಟರುಗಳನ್ನು ಕಾಲೇಜಿಗೆ ಕರೆಸಿ ಅರ್ಧ ದಿನ ಹೇಳಿಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಕೈ ಎತ್ತಿದ್ದು ಕುಶಾಲಪ್ಪ ಒಬ್ಬರೇ.

"ಒಂದು ಡೌಟು ಮೇಡಂ. ಅಳೀಲಿಕ್ಕೆ ಆಗದ ದಿನ ಎಂತ ಹಾಕುದು?"

"ಅಂಥ ದಿನ ಇರುತ್ತಾ?"

"ಉಂಟು ಮೇಡಂ. ಒಂದ್ಸಲ ದನ ಬಂದು ಪಾತ್ರೆ ಬೀಳಿಸಿತ್ತು. ಬುಕ್ಕಲ್ಲಿ ಆದ್ರೆ ಗೆರೆ ಎಳ್ದು ಕಾರಣ ಬರೀತೇನೆ. ಅಂದಾಜಿಗೆ ಹಾಕ್ಲಿಕ್ಕೆ ಆಗುದಿಲ್ಲ."

ಪಕ್ಕದಲ್ಲಿದ್ದ ಇನ್ನೊಬ್ಬ ರೈಟರ್ ನಕ್ಕ. "ನಾವೆಲ್ಲ ಪಕ್ಕದ ಎಸ್ಟೇಟಿಗೆ ಕೇಳಿ ಹತ್ತು ಸೆಂಟು ಆಚೀಚೆ ಮಾಡಿ ಹಾಕುದು ಕುಶಾಲಣ್ಣ. ನಿಮ್ದು ಭಾರಿ ಸತ್ಯ."

"ಖಾಲಿ ಬಿಡಿ," ಎಂದು ಕುಶಾಲಪ್ಪನವರಿಗೆ ಹೇಳಿದವಳು ನಾನು. "ಕೆಳಗೆ ಕಾರಣ ಬರೆಯಲು ಜಾಗ ಇದೆ, ಅಲ್ಲಿ ಬರೀರಿ." ಅವರು ಅದನ್ನು ದುಂಡನೆಯ ಅಕ್ಷರದಲ್ಲಿ ಚೀಟಿಯ ಮೇಲೆ ಗುರುತು ಹಾಕಿಕೊಂಡರು.

ಇದಾಗಿ ಎರಡು ವಾರಕ್ಕೆ ನಮ್ಮ ಐವರ ಸಭೆ, ಕಂಪ್ಯೂಟರಿನ ಪರದೆಯ ಮೇಲೆ. ಬಳ್ಳಿಯಲ್ಲಿ ಸಂಖ್ಯೆ ಇಲ್ಲದ ಕಡೆ 'ಖಾಲಿ' ಎಂದು ಇಡಬಹುದು. ಆ ಖಾಲಿಯನ್ನು ಹೊರಗಿನ ಕಂಪ್ಯೂಟರಿಗೆ ಕಳಿಸಿದಾಗ ಕೆಲವು ಕಡೆ ತಪ್ಪು ಎಂದು ವಾಪಸು ಬರುತ್ತಿತ್ತು. ಮಕ್ಕಳಿಗೆ ಗಾಬರಿಯಾಗುತ್ತದೆ, ಆದ್ದರಿಂದ 'ಕಳಿಸು' ತಾನಾಗಿಯೇ ಖಾಲಿಯನ್ನು ಸೊನ್ನೆ ಮಾಡಿ ಕಳಿಸಲಿ ಎಂದರು ನಂದಕುಮಾರ್.

"ಬೇಡ ಸಾರ್," ಎಂದೆ. "ಮಳೆ ಇಲ್ಲ ಅನ್ನೋದು ಬೇರೆ, ಅಳತೆ ಇಲ್ಲ ಅನ್ನೋದು ಬೇರೆ."

"ಅದು ನಿಮ್ಮ ಕೊಡಗಿನ ಸಮಸ್ಯೆ ಮೇಡಂ," ಎಂದು ಅವರು ನಕ್ಕರು. "ನಾವು ಭಾಷೆ ಮಾಡ್ತಿರೋದು ಎಲ್ಲರಿಗೂ. ಸರಳವಾಗಿರಲಿ ಬಿಡಿ."

ಮೂರು ಕೈ ಆ ಕಡೆ ಎದ್ದವು, ಎರಡು ಈ ಕಡೆ. ಸೋತೆ. ಸೋತ ಮೇಲೆ ಆ ಸಾಲನ್ನು ಬರೆದವಳೂ ನಾನೇ, ಏಕೆಂದರೆ 'ಕಳಿಸು' ನನ್ನ ಪಾಲಿನದು. ಮೊದಲ ಆವೃತ್ತಿಯಲ್ಲಿ 'ಕಳಿಸು' ಸಂಖ್ಯೆಯನ್ನು ಮಾತ್ರ ಕಳಿಸಲಿ, ಕಾರಣದಂಥ ಬರಹವನ್ನು ಮುಂದೆ ನೋಡೋಣ ಎಂದೂ ಅದೇ ಸಭೆಯಲ್ಲಿ ಆಯಿತು. ಮಾರನೇ ದಿನ ರೈಟರುಗಳಿಗೆ ಫೋನ್ ಮಾಡಿ, ಖಾಲಿ ಬಿಡಬೇಡಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇಂಟರ್ನಲ್ ಪರೀಕ್ಷೆಯ ಪೇಪರುಗಳಿದ್ದವು, ಸೋತ ಮುನಿಸಿತ್ತು, ಎಂದೋ ಒಮ್ಮೆ ದನ ಪಾತ್ರೆ ಬೀಳಿಸುವುದಕ್ಕೆ ಇಷ್ಟೆಲ್ಲ ಯಾಕೆ ಎಂಬ ಸೋಮಾರಿತನವೂ ಇತ್ತು. ಈ ಬರಹದಲ್ಲಿ ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ಕಕ್ಕಡ ಅರ್ಧ ಕಳೆದಿತ್ತು. ಮೂರು ದಿನದಿಂದ ಕರೆಂಟಿಲ್ಲ. ಬಟ್ಟೆ ಒಣಗದೆ ಮಕ್ಕಳು ಒದ್ದೆ ಯೂನಿಫಾರ್ಮಿನಲ್ಲೇ ಬರುತ್ತಿದ್ದರು, ಕೊನೆಗೆ ಕಾಲೇಜಿಗೇ ರಜೆ ಕೊಟ್ಟರು. ನಾಲ್ಕನೇ ದಿನ ಬೆಳಗಾಗುವಷ್ಟರಲ್ಲಿ ಸುತ್ತಲಿನ ಎಸ್ಟೇಟುಗಳಲ್ಲಿ ಏಳು ಇಂಚು, ಎಂಟು ಇಂಚು. ಕುಶಾಲಪ್ಪ ಎಂಟು ಗಂಟೆಗೆ ಕೊಡೆ ಹಿಡಿದು ಅಂಗಳಕ್ಕೆ ಹೋದರೆ, ಗಾಳಿಗೆ ಸಿಲ್ವರ್ ಮರದ ಕೊಂಬೆ ಮುರಿದು ಪಾತ್ರೆಯ ಮೇಲೆ ಬಿದ್ದಿತ್ತು. ಪಾತ್ರೆ ಉರುಳಿ ನೀರೆಲ್ಲ ಚೆಲ್ಲಿತ್ತು. ಅವರು ಪುಸ್ತಕದಲ್ಲಿ ಗೆರೆ ಎಳೆದರು. ಕಾಫಿ ಒಣಗಿಸುವ ಕಣದ ತುದಿಯಲ್ಲಿ ಮಾತ್ರ ಒಂದಿಷ್ಟು ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿ ನಿಂತು ಮೊಬೈಲಿನಲ್ಲಿ ಅಳತೆಯ ಜಾಗ ಖಾಲಿ ಬಿಟ್ಟು, ಕಾರಣ ಬರೆದು ಕಳಿಸಿದರು. ಸ್ವಲ್ಪ ಹೊತ್ತಿಗೆ ಆ ನೆಟ್‌ವರ್ಕೂ ಹೋಯಿತು.

ಅವರ ಮ್ಯಾನೇಜರ್ ಬೋಪಣ್ಣ ಆ ದಿನ ಮೈಸೂರಿನಲ್ಲಿದ್ದರು, ಮಗಳ ಕಾಲೇಜ್ ಅಡ್ಮಿಷನ್ನಿಗೆ ಹೋಗಿದ್ದವರು. ಸಮಿತಿಯ ಜೀಪುಗಳನ್ನು ಎಲ್ಲಿಗೆ ಕಳಿಸುವುದು ಎಂದು ಹೇಳುವವರೂ ಅವರೇ. ಅಲ್ಲೇ ಕೂತು ಮೊಬೈಲಿನಲ್ಲಿ ನಕ್ಷೆ ನೋಡಿದರು. ಸುತ್ತಲೂ ಏಳು, ಎಂಟು. ನಡುವೆ ತಮ್ಮದೇ ಎಸ್ಟೇಟಿನಲ್ಲಿ ಸೊನ್ನೆ. "ನಮ್ಮಲ್ಲಿ ಏನಿಲ್ಲ, ಜೀಪು ಬೇರೆ ಕಡೆ ಹೋಗಲಿ," ಎಂದು ಡ್ರೈವರನಿಗೆ ಹೇಳಿದರು. ಈ ಮನುಷ್ಯ ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ! ಬೇಲಿಯ ಆಚೆ ಎಂಟು ಇಂಚು ಸುರಿದ ಮಳೆ ಬೇಲಿಯ ಈಚೆ ಒಂದು ಹನಿಯೂ ಬೀಳದೆ ಇರುತ್ತದೆಯೇ ಎಂದು ಒಂದು ಕ್ಷಣವಾದರೂ ಅನಿಸಬೇಡವೇ? ಹುಟ್ಟಿನಿಂದ ಕಂಡ ಆಕಾಶಕ್ಕಿಂತ ಕೈಯಲ್ಲಿರುವ ಪರದೆ ಹೆಚ್ಚು ಎಂದು ಇವರಿಗೆ ಯಾರು ಹೇಳಿಕೊಟ್ಟರು? ನಾವೇ ಇರಬೇಕು.

ಜೀಪು ಬರಲಿಲ್ಲ. ಮಧ್ಯಾಹ್ನ ಲೈನ್ ಹಿಂದಿನ ಬರೆ ಜರಿದು ಎರಡು ಮನೆಗಳ ಗೋಡೆ ಬಿತ್ತು. ಪಿಕಿಂಗ್ ಕೆಲಸದ ಲಕ್ಷ್ಮಿ ಎಂಬಾಕೆಯ ಕಾಲು ಕಲ್ಲಿನಡಿ ಸಿಕ್ಕಿ ಮೂಳೆ ಮುರಿಯಿತು. ಅವಳನ್ನು ಕಂಬಳಿಯಲ್ಲಿ ಮಲಗಿಸಿ, ಕೆಸರಿನಲ್ಲಿ ಜಾರುತ್ತಾ, ಟಾರು ರಸ್ತೆಯ ತನಕ ಹೊತ್ತ ನಾಲ್ವರಲ್ಲಿ ಕುಶಾಲಪ್ಪ ಒಬ್ಬರು. ಲಕ್ಷ್ಮಿ ಈಗ ಕುಂಟುತ್ತಾ ನಡೆಯುತ್ತಾಳೆ, ಏಣಿ ಹತ್ತಿ ಕರಿಮೆಣಸು ಕೊಯ್ಯಲು ಆಗುವುದಿಲ್ಲ.

ನನಗೆ ಇದು ಗೊತ್ತಾದದ್ದು ಐದು ದಿನದ ಮೇಲೆ, ಗೋಣಿಕೊಪ್ಪಲಿನ ಬೇಕರಿಯಲ್ಲಿ. ಚಹಾ ಕುಡಿಯುತ್ತಿದ್ದ ಇಬ್ಬರು ನಗುತ್ತಿದ್ದರು. "ಸೊನ್ನೆ ರೈಟರ್ ಗೊತ್ತಲ್ವಾ? ಮಲ್ಕೊಂಡಲ್ಲೇ ಮಳೆ ಅಳೆಯುದು!" ಯಾರು ಎಂದು ಕೇಳಿದೆ. ಹೆಸರು ಹೇಳಿದರು. ನನ್ನ ಕೈಯ ಲೋಟ ಅಲ್ಲೇ ಇಟ್ಟು ಕಾಲೇಜಿಗೆ ನಡೆದೆ. ಲ್ಯಾಬಿನಲ್ಲಿ ಯುಪಿಎಸ್ ಕೂಗುತ್ತಿತ್ತು. ಕುಶಾಲಪ್ಪನವರ ಮೊಬೈಲಿನಿಂದ ಇಂಟರ್ನೆಟ್ಟಿನ ನಮ್ಮ ಖಾತೆಗೆ ಬಂದಿದ್ದ ಮೂಲ ದಾಖಲೆ ತೆರೆದೆ. ಅಳತೆ: ಖಾಲಿ. ಕಾರಣ: "ಮರದ ಕೊಂಬೆ ಬಿದ್ದು ಪಾತ್ರೆ ಉರುಳಿದೆ. ಅಳತೆ ಇಲ್ಲ. ಮಳೆ ವಿಪರೀತ. ಲೈನಿಗೆ ಜೀಪು ಬೇಕು." ಅದರ ಕೆಳಗೆ, ನನ್ನ 'ಕಳಿಸು' ನಕ್ಷೆಗೆ ಕಳಿಸಿದ್ದು: ಸೊನ್ನೆ. ಜೀಪು ಬೇಕು ಎಂದು ಒಬ್ಬ ಮನುಷ್ಯ ಮಳೆಯಲ್ಲಿ ನಿಂತು ಕನ್ನಡದಲ್ಲಿ ಬರೆದಿದ್ದ. ಕನ್ನಡಕ್ಕಾಗಿಯೇ ಹುಟ್ಟಿದ ಭಾಷೆ ಆ ಸಾಲನ್ನು ಅಲ್ಲೇ ಬಿಸಾಕಿತ್ತು. ಅಂದಾಜಿಗೆ ಏಳು ಅಂತ ಗೀಚಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಸುಳ್ಳು ಹೇಳದ ಒಬ್ಬರನ್ನು ಹುಡುಕಿ ಸುಳ್ಳುಗಾರ ಮಾಡಿದೆವು.

ನಂದಕುಮಾರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಛೇ, ಬೇಜಾರಾಯ್ತು. ಮುಂದಿನ ಆವೃತ್ತೀಲಿ ಸರಿ ಮಾಡೋಣ."

"ಅದು ಸರಿ. ತಪ್ಪು ಬಳ್ಳಿಯದು, ರೈಟರದ್ದಲ್ಲ ಅಂತ ನೀವು ಸಮಿತಿಗೆ ಒಂದು ಪತ್ರ ಬರೆಯಬೇಕು."

"ಈಗಲೇ ಬೇಡ ಮೇಡಂ. ಮುಂದಿನ ತಿಂಗಳು ಶಾಲೆಗಳವರ ಎದುರು ಬಳ್ಳಿ ತೋರಿಸ್ತಿದ್ದೀವಿ. ಇಂಥ ಸುದ್ದಿ ಹಬ್ಬಿದರೆ ಐದು ವರ್ಷದ ಕೆಲಸ ನೀರಲ್ಲಿ ಹೋಮ."

"ಅವರ ಇಪ್ಪತ್ತೊಂಬತ್ತು ವರ್ಷ ಹೋಗ್ತಿದೆ ಸಾರ್."

ನಂದಕುಮಾರ್ ದನಿ ಬಿಗಿಯಾಯಿತು. "ನೋಡಿ, ನೀವು ಹೀಗೆ ಹಟ ಹಿಡಿದರೆ ನಾನೂ ಹೇಳಬೇಕಾಗುತ್ತೆ. ಆ ಸಾಲು ಬರೆದವರು ಯಾರು ಅಂತ ದಾಖಲೇಲಿ ಇದೆಯಲ್ಲ. ನಿಮ್ಮ ಹೆಸರೇ ಇರೋದು."

ಮೈಯೆಲ್ಲ ಉರಿದುಹೋಯಿತು. ಯಾರು ಯಾವ ಸಾಲು ಬರೆದರು ಎಂದು ನಾವು ಹೆಸರು ಸಮೇತ ಇಟ್ಟುಕೊಳ್ಳುತ್ತೇವೆ. ಬರೆಯಿರಿ ಎಂದು ಕೈ ಎತ್ತಿದವರ ಹೆಸರು ಅದರಲ್ಲಿ ಇರುವುದಿಲ್ಲ. ಕೆಳಗೆ ನಿಂತು ಬರೆದವರ ತಲೆಗೆ ಕಟ್ಟುವುದು ಎಸ್ಟೇಟಿನಲ್ಲೂ ಅಷ್ಟೇ, ಸಾಫ್ಟ್‌ವೇರಿನಲ್ಲೂ ಅಷ್ಟೇ ಎಂದು ಆ ಹೊತ್ತು ಗೊತ್ತಾಯಿತು. "ಇರಲಿ ಸಾರ್, ನನ್ನ ಹೆಸರೇ ಸಾಕು," ಎಂದು ಫೋನ್ ಇಟ್ಟೆ.

ಎರಡೂ ದಾಖಲೆಗಳನ್ನು ಮುದ್ರಿಸಿಕೊಂಡು ಮಾರನೇ ದಿನ ಬೆಳಿಗ್ಗೆ ಕುಶಾಲಪ್ಪನವರ ಎಸ್ಟೇಟಿನ ಆಫೀಸಿಗೆ ಹೋದೆ. ಬಿದ್ದ ಮನೆಗಳ ವಿಚಾರಕ್ಕೆ ಸಮಿತಿಯ ಏಳೆಂಟು ಮಂದಿ ಕೂತಿದ್ದರು, ಬೋಪಣ್ಣ ಮೇಜಿನ ಹಿಂದೆ. ಕಾಗದಗಳನ್ನು ಎದುರಿಗಿಟ್ಟೆ.

"ಆ ಸೊನ್ನೆ ಹಾಕಿದ್ದು ಕುಶಾಲಪ್ಪ ಅಲ್ಲ, ನಾನು. ಅವರು ಖಾಲಿ ಬಿಟ್ಟಿದ್ರು. ಹಾಗೆ ಬಿಡಿ ಅಂದವಳೂ ನಾನೇ."

ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ಲೈನಿಗೆ ಜೀಪು ಬೇಕು" ಎಂಬುದನ್ನು ಓದಿ ಒಬ್ಬ ಹಿರಿಯರು ಕನ್ನಡಕ ತೆಗೆದು ಬೋಪಣ್ಣನ ಮುಖ ನೋಡಿದರು. ಬೋಪಣ್ಣ ಕಿಟಕಿಯ ಕಡೆ ನೋಡುತ್ತಾ, "ಅದ್ ಹೌದಾದ್ರೂ ಮೇಡಂ, ಅವ ತಪ್ಪೊಪ್ಪಿಗೆ ಬರ್ದುಕೊಟ್ಟಾಗಿದೆ," ಎಂದರು. ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಅದೇ ದುಂಡನೆಯ ಅಕ್ಷರ. "ನಾನು ಅಳತೆ ಮಾಡದೆ ಸೊನ್ನೆ ಎಂದು ತುಂಬಿದ್ದು ನನ್ನ ತಪ್ಪು, ದಯವಿಟ್ಟು ಕ್ಷಮಿಸಬೇಕು." ಕೆಳಗೆ ಸಹಿ.

"ಇದನ್ನು ಯಾಕೆ ಬರೆಸಿದಿರಿ?"

"ಬರೆಸ್ಲಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡ್ಬೇಕಾದೀತು ಅಂದೆ, ಅವನೇ ಬರ್ದ."

ನಾನು ಅಷ್ಟು ದೊಡ್ಡ ದನಿಯಲ್ಲಿ ಯಾರಿಗೂ ಬೈದವಳಲ್ಲ. ಆವತ್ತು ಬೈದೆ. ನಕ್ಷೆ ನೋಡಿ ಜೀಪು ತಿರುಗಿಸಿದವರು ಯಾರು ಎಂದು ಸಭೆಯ ಎದುರೇ ಕೇಳಿದೆ. ಆ ಹಿರಿಯರೇ ಕೈ ನೀಡಿ ಬೋಪಣ್ಣನಿಂದ ಹಾಳೆ ತೆಗೆದು ನನಗೆ ಕೊಟ್ಟರು. "ಅವನ ಕೆಲಸಕ್ಕೆ, ಮನೆಗೆ ಏನೂ ಮಾಡುದಿಲ್ಲ ಅಂತ ಹೇಳಿ ಮೇಡಂ," ಎಂದರು. ಸೊನ್ನೆ ಅವರದ್ದಲ್ಲ ಎಂದು ಊರಿಗೆಲ್ಲ ಹೇಳುತ್ತೇವೆ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬೇಕರಿಯಲ್ಲಿ ಆ ಅಡ್ಡಹೆಸರು ಮತ್ತೊಂದು ವರ್ಷ ನಡೆಯಿತು. ಬಳ್ಳಿಯ ಹೊಸ ಆವೃತ್ತಿಯೂ ಬಂತು. ಬದಲಾವಣೆಗಳ ಪಟ್ಟಿಯಲ್ಲಿ "ಸಣ್ಣಪುಟ್ಟ ಸುಧಾರಣೆಗಳು" ಎಂದಿತ್ತು. ಅಷ್ಟು ಹೊತ್ತಿಗೆ ನಾನು ಆ ಗುಂಪು ಬಿಟ್ಟಿದ್ದೆ.

ಆಫೀಸಿನಿಂದ ಸೀದಾ ಕ್ವಾರ್ಟರ್ಸಿಗೆ ನಡೆದೆ. ಬಾಗಿಲಲ್ಲಿ ಕುಶಾಲಪ್ಪನವರ ಹೆಂಡತಿ ಮೀನಾಕ್ಷಿ ಸಿಕ್ಕರು. "ಎಂತ ಮಾಡ್ದು ಅಕ್ಕಾ, ಸರಿ ಊಟನೇ ಮಾಡ್ತಿಲ್ಲೆ ಇವು," ಎಂದು ಒಳಗೆ ಕರೆದು ಬೆಲ್ಲದ ಕಾಫಿ ಕೊಟ್ಟರು. ಕುಶಾಲಪ್ಪ ಮಂಚದ ತುದಿಯಲ್ಲಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಐವರ ಸಭೆಯಲ್ಲಿ ಸೋತದ್ದು, ಸಾಲು ಬರೆದದ್ದು, ಫೋನ್ ಮಾಡದೆ ಬಿಟ್ಟದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ತಪ್ಪಾಯಿತು ಎಂದೆ. ಪರವಾಗಿಲ್ಲ ಬಿಡಿ ಮೇಡಂ ಎನ್ನುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವರು ಅನ್ನಲಿಲ್ಲ.

ಹಾಳೆ ಕೊಟ್ಟು, "ಹರಿದುಹಾಕಿ," ಎಂದೆ.

"ಹರೀಲಿಕ್ಕೆ ಆಗುದಿಲ್ಲ ಮೇಡಂ. ಬರ್ದದ್ದನ್ನು ಹರಿಯುದು ನಮ್ಮ ಕೆಲಸದಲ್ಲಿ ಇಲ್ಲ."

ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ತೊಡೆಯ ಮೇಲೆ ಒಂದು ಪುಸ್ತಕದ ಆಸರೆಯಲ್ಲಿಟ್ಟುಕೊಂಡು, ಅಷ್ಟೂ ಸಾಲುಗಳ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಕೆಳಗೆ ಬರೆದರು: ಮೇಲಿನದು ನಿಜವಲ್ಲ. ಆ ದಿನ ಪಾತ್ರೆ ಬಿದ್ದಿತ್ತು, ಮಳೆ ಬಹಳ ಇತ್ತು, ಜೀಪು ಕೇಳಿದ್ದೆ. ಸಹಿ ಹಾಕಿದರು. ಆಮೇಲೆ ಹಾಳೆ, ಪೆನ್ನು ಎರಡನ್ನೂ ನನ್ನ ಕಡೆ ತಿರುಗಿಸಿದರು.

"ನೀವೂ ಹಾಕಿ ಮೇಡಂ. ಸೊನ್ನೆ ನಿಮ್ದಲ್ವಾ."

ಹಾಕಿದೆ. ಅವರು ಅದನ್ನು ಪರೀಕ್ಷಿಸಿ ನೋಡಿ, ನನ್ನ ಸಹಿಯ ಕೆಳಗೆ ಎರಡು ಚುಕ್ಕಿ ಸಾಲು ಎಳೆದರು. ಒಂದರ ಪಕ್ಕ ಮ್ಯಾನೇಜರ್ ಎಂದು ಬರೆದರು, ಇನ್ನೊಂದರ ಪಕ್ಕ ಮೈಸೂರಿನವರು ಎಂದು.

"ಇವ್ರದ್ದೂ ಆದ್ರೆ ಮುಗೀತು," ಎಂದರು.

ಕುಶಾಲಪ್ಪ ಈಗಲೂ ಅಲ್ಲೇ ರೈಟರ್. ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತೇನೆ. ಹೋದಾಗಲೆಲ್ಲ ಕೇಳದೆಯೇ ಆ ಹಾಳೆ ತೆಗೆದು ತೋರಿಸುತ್ತಾರೆ. ಮೂರು ಮಳೆಗಾಲ ಕಳೆಯಿತು. ಆ ಎರಡು ಸಾಲುಗಳ ಮೇಲೆ ಯಾರೂ ಸಹಿ ಹಾಕಿಲ್ಲ.